ಲಕ್ಷ್ಮೇಶ್ವರದ ಲ್ಯಾಪ್‌ಟಾಪಿಗೆ ಒಂದು ಪೆನ್‌ಡ್ರೈವ್

ಮೂರನೇ ದಿನ ಸಂಜೆ ಅವಳ ಫೋನ್ ಬಂತು. ನಮ್ಮ ಜೊತೆ ಕೆಲಸಕ್ಕೆ ಸೇರಿ ಆಗಿದ್ದೇ ಮೂರು ದಿನ. ದನಿ ಸಣ್ಣಗಾಗಿತ್ತು.

"ಅಕ್ಕಾರ, ನನಗ ಈ ಕೆಲಸ ಆಗಂಗಿಲ್ಲ ಅನ್ಸಾಕತ್ತೈತ್ರಿ."

ಅವಳಿನ್ನೂ ಒಂದು ಸಾಲು ಕೋಡ್ ಬರೆದಿರಲಿಲ್ಲ. ಮೂರೂ ದಿನ ಹೋಗಿದ್ದು ನಮ್ಮ ವೆಬ್ ಅಪ್ಲಿಕೇಶನ್ ಅನ್ನು ತನ್ನ ಲ್ಯಾಪ್‌ಟಾಪಲ್ಲಿ ಓಡಿಸುವುದಕ್ಕೆ. ನಾನು ಕಳಿಸಿದ್ದ ಸೂಚನೆಗಳಲ್ಲಿ 34 ಹೆಜ್ಜೆ ಇದ್ದವು. ನೋಡ್ ಹಾಕು, ಪೋಸ್ಟ್‌ಗ್ರೆಸ್ ಹಾಕು, ರೆಡಿಸ್ ಹಾಕು, ಈ ಫೈಲಲ್ಲಿ ಪಾಸ್‌ವರ್ಡ್ ಬದಲಿಸು, ಆ ಪೋರ್ಟ್ ಖಾಲಿ ಇದೆಯಾ ನೋಡು. ಅವಳು ಹತ್ತೊಂಬತ್ತನೇ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದ್ದಳು. ಆ ಹೆಜ್ಜೆಯೇ ತಪ್ಪಿತ್ತು. ಎರಡು ವರ್ಷದ ಹಿಂದೆ ನನ್ನ ಉಬುಂಟು ಲ್ಯಾಪ್‌ಟಾಪ್ ಮುಂದೆ ಕೂತು ಬರೆದದ್ದು, ಆಮೇಲೆ ಯಾರೂ ತಿದ್ದಿರಲಿಲ್ಲ. ಅವಳದು ವಿಂಡೋಸ್. ಆದರೆ ಅವಳು ಅಂದುಕೊಂಡದ್ದು ತನಗೇ ಬುದ್ಧಿ ಸಾಲದು ಅಂತ.

ಆ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಹುಬ್ಬಳ್ಳಿಯಲ್ಲಿ ನನ್ನ ಮೊದಲ ಕೆಲಸದಲ್ಲೂ ಹೀಗೇ ಆಗಿತ್ತು. ಐದು ದಿನ ಕಂಪ್ಯೂಟರ್ ಮುಂದೆ ಸುಮ್ನೆ ಕೂತಿದ್ದೆ. ಕೇಳೋಕೂ ಹೆದರಿಕೆ. ಸಂಜೆ ಗದಗಿನ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಿದ್ದೆ. ಆ ಅನುಭವ ಇದ್ದೂ ಇನ್ನೊಬ್ಬಳಿಗೆ ಅದೇ 34 ಹೆಜ್ಜೆ ಕೊಟ್ಟೆನಲ್ಲ ಅಂತ ಬೇಜಾರಾಯಿತು. ಅವತ್ತೇ ನಿರ್ಧರಿಸಿದೆ, ಇದನ್ನೆಲ್ಲ ಡಾಕರ್ ಒಳಗೆ ಹಾಕಬೇಕು. ಅಪ್ಲಿಕೇಶನ್ನನ್ನು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಸಮೇತ ಒಂದೇ ಗಂಟು ಕಟ್ಟಿ, ಬೇರೆ ಕಂಪ್ಯೂಟರಿನಲ್ಲೂ ಹಾಗೇ ಓಡಿಸುವ ಉಪಕರಣ ಅದು.

ನಮ್ಮ ಅಪ್ಲಿಕೇಶನ್ ಏನು ಅಂತ ಹೇಳಿಬಿಡುತ್ತೇನೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಲೆಕ್ಕ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕೇ ಬೆಲೆ, ಅದು ಮಾಸಬಾರದು ಅಂತಲೇ ಚೀಲಗಳನ್ನು ತಂಪಲ್ಲಿ ಇಡುತ್ತಾರೆ. ಯಾವ ಊರಿನ ಯಾವ ರೈತರದು, ಎಷ್ಟು ಚೀಲ, ಯಾವ ಕೋಣೆ, ಯಾವತ್ತು ಬಂತು, ಇಷ್ಟನ್ನು ಕನ್ನಡದಲ್ಲಿ ಬರೆದಿಡುವುದು, ರೈತರ ಫೋನಿಗೆ ಮೆಸೇಜ್ ಕಳಿಸುವುದು. ಬಳಸುವವರಿಗೆ ಕಾಣುವ ಪುಟಕ್ಕೆ ರಿಯಾಕ್ಟ್, ಹಿಂದೆ ಸರ್ವರಿನಲ್ಲಿ ಓಡುವ ಕೋಡಿಗೆ ನೋಡ್, ಡೇಟಾಬೇಸ್ ಪೋಸ್ಟ್‌ಗ್ರೆಸ್ 16, ಮೆಸೇಜುಗಳ ಸರದಿಗೆ ರೆಡಿಸ್. ಕೆಲಸ ಮಾಡುವವರು ಮೂವರು. ನಾನು ಬೆಟಗೇರಿಯಲ್ಲಿ, ನನ್ನ ಗೆಳತಿ ಧಾರವಾಡದಲ್ಲಿ, ಈ ಹುಡುಗಿ ಲಕ್ಷ್ಮೇಶ್ವರದಲ್ಲಿ. ಆಫೀಸು ಅಂತ ಏನಿಲ್ಲ.

ಒಂದು ವಾರ ರಾತ್ರಿ ಕೂತು ಫೈಲುಗಳನ್ನು ಬರೆದೆ. ಮುಖ್ಯ ಫೈಲುಗಳು ಎರಡೇ. ಡಾಕರ್‌ಫೈಲ್ ನಮ್ಮ ಕೋಡ್‌ಗೆ ಬೇಕಾದ ಇಮೇಜ್, ಅಂದರೆ ಆ ಗಂಟಿನ ಅಚ್ಚು, ಕಟ್ಟುವುದು ಹೇಗೆ ಅಂತ ಹೇಳುತ್ತದೆ. ಕಂಪೋಸ್ ಫೈಲ್ ಯಾವ ಯಾವ ಕಂಟೇನರ್, ಅಂದರೆ ಇಮೇಜಿನಿಂದ ಎದ್ದು ಓಡುವ ಪ್ರತಿ, ಒಟ್ಟಿಗೆ ಏಳಬೇಕು ಅಂತ ಹೇಳುತ್ತದೆ. ಡಾಕರ್‌ಫೈಲಲ್ಲಿ ಒಂದು ವಿಷಯ ಮರೆಯಬಾರದು. ಮೊದಲು ಪ್ಯಾಕೇಜುಗಳ ಪಟ್ಟಿ ಇರುವ ಎರಡು ಫೈಲುಗಳನ್ನಷ್ಟೇ ಕಾಪಿ ಮಾಡಿ, ಪ್ಯಾಕೇಜುಗಳನ್ನು ಇಳಿಸಿ, ಆಮೇಲೆ ಉಳಿದ ಕೋಡ್ ಕಾಪಿ ಮಾಡಬೇಕು. ಡಾಕರ್ ಪ್ರತಿ ಸಾಲನ್ನೂ ಒಂದೊಂದು ಪದರವಾಗಿ ಇಟ್ಟುಕೊಳ್ಳುತ್ತದೆ. ಮೇಲಿನ ಪದರ ಬದಲಾಗದಿದ್ದರೆ ಹಳೆಯದನ್ನೇ ಬಳಸುತ್ತದೆ. ಈ ಕ್ರಮ ತಪ್ಪಿದರೆ ಒಂದು ಅಕ್ಷರ ತಿದ್ದಿ ಮತ್ತೆ ಕಟ್ಟಿದರೂ ಎಲ್ಲ ಪ್ಯಾಕೇಜು ಮತ್ತೆ ಇಳಿಯುತ್ತವೆ. ಫೋನಿನ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಅವಳ ಮನೆಯಲ್ಲೂ ಇರುವುದು ಹಾಟ್‌ಸ್ಪಾಟೇ. ಅದಕ್ಕೆ ಇಮೇಜುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಇದು ಬಹಳ ಜನರಿಗೆ ಗೊತ್ತಿಲ್ಲ. 'ಡಾಕರ್ ಸೇವ್' ಅಂದರೆ ಇಮೇಜು ಒಂದು ಫೈಲ್ ಆಗಿ ಕೈಗೆ ಬರುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ 'ಡಾಕರ್ ಲೋಡ್' ಅಂದರೆ ಮುಗಿಯಿತು. ಇಂಟರ್ನೆಟ್ ಬೇಕಿಲ್ಲ. ನೋಡ್‌ನ ಪೂರ್ತಿ ಇಮೇಜ್ 1 ಜಿಬಿ ಮೀರುತ್ತದೆ, ಹಾಗಾಗಿ ಬೇಡದ್ದನ್ನು ತೆಗೆದು ಚಿಕ್ಕದು ಮಾಡಿದ 'ಸ್ಲಿಮ್' ತೆಗೆದುಕೊಂಡೆ. ಪೋಸ್ಟ್‌ಗ್ರೆಸ್‌ಗೆ ಇನ್ನೂ ಚಿಕ್ಕದು ಇರಲಿ ಅಂತ 'ಆಲ್ಪೈನ್' ಅನ್ನುವ ಪುಟ್ಟ ಲಿನಕ್ಸಿನ ಮೇಲೆ ಕಟ್ಟಿದ್ದು ತೆಗೆದುಕೊಂಡೆ. ಈ ಆಲ್ಪೈನ್ ವಿಷಯ ಮುಂದೆ ಬರುತ್ತದೆ.

ಶನಿವಾರ ಮುಂಜಾನೆ ಗದಗಿನಿಂದ ಲಕ್ಷ್ಮೇಶ್ವರದ ಬಸ್ ಹತ್ತಿದೆ. ಅವಳ ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ಕೂಡಲೇ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟರು. ಉಂಡೇ ಕೂತುಕೊಳ್ರಿ ಅಂದರು. ಉಂಡೇ ಕೂತೆ.

ಅವಳ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಮೆಮೊರಿ. ಮೊದಲನೇ ಅಡ್ಡಿ ಬಂದದ್ದು ಡಾಕರ್‌ಗಿಂತ ಮೊದಲೇ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿನಲ್ಲಿ, ವರ್ಚುವಲೈಸೇಶನ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಬಂದ್ ಆಗಿತ್ತು. ಅದನ್ನು ಆನ್ ಮಾಡಿದ ಮೇಲೆ ಡಬ್ಲ್ಯುಎಸ್‌ಎಲ್ 2 ಎದ್ದಿತು. ವಿಂಡೋಸ್ ಒಳಗೆ ನಿಜವಾದ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಓಡಿಸುವ ವ್ಯವಸ್ಥೆ ಅದು. ಬಿಟ್ಟರೆ ಅದು ಅರ್ಧ ಮೆಮೊರಿ ತನಕ ತೆಗೆದುಕೊಳ್ಳುತ್ತದೆ. ಅದರ ಸೆಟ್ಟಿಂಗ್ ಫೈಲಲ್ಲಿ 3 ಜಿಬಿ ಅಂತ ಮಿತಿ ಹಾಕಿದೆವು. ಬ್ರೌಸರ್‌ಗೂ ಎಡಿಟರ್‌ಗೂ ಉಸಿರಾಡೋಕೆ ಜಾಗ ಬೇಕಲ್ವಾ.

ಲೋಡ್ ಆಗುವ ಹೊತ್ತಲ್ಲಿ ಅವಳು ಕೇಳಿದಳು, ಈ ಕಂಟೇನರ್ ಅಂದ್ರೆ ಒಳಗೊಂದು ಸಣ್ಣ ಕಂಪ್ಯೂಟರೇನ್ರಿ? ಅವಳು ಬ್ಯಾಡಗಿಗೆ ಒಮ್ಮೆ ನನ್ನ ಜೊತೆ ಬಂದಿದ್ದಳು. ಅದನ್ನೇ ನೆನಪು ಮಾಡಿಸಿದೆ. ಕೋಲ್ಡ್ ಸ್ಟೋರೇಜ್ ಒಂದೇ ಕಟ್ಟಡ. ಯಂತ್ರದ ಕೋಣೆ ಒಂದೇ. ಆದರೆ ಚೀಲ ಇಡುವ ಕೋಣೆಗಳು ಬೇರೆ ಬೇರೆ, ಬಾಗಿಲೂ ಬೇರೆ. ಒಂದು ಕೋಣೆಯಲ್ಲಿ ನಿಂತರೆ ಇನ್ನೊಂದರಲ್ಲಿ ಏನಿದೆ ಕಾಣುವುದಿಲ್ಲ. ಕಂಟೇನರೂ ಹಾಗೆ. ಯಂತ್ರದ ಕೋಣೆ ಅಂದರೆ ಲಿನಕ್ಸ್ ಕರ್ನಲ್, ಅದು ಎಲ್ಲರಿಗೂ ಒಂದೇ. ಗೋಡೆ ಕಟ್ಟುವುದು ಕರ್ನಲ್‌ನ ನೇಮ್‌ಸ್ಪೇಸ್. ಯಾರಿಗೆ ಎಷ್ಟು ಮೆಮೊರಿ ಅಂತ ಅಳೆದು ಕೊಡುವುದು ಸಿಗ್ರೂಪ್. ಇವೆರಡೂ ಡಾಕರ್‌ಗಿಂತ ಹಳೆಯವು. 2013ರ ಮಾರ್ಚಲ್ಲಿ ಸಾಲೊಮನ್ ಹೈಕ್ಸ್ ಅಮೆರಿಕದ ಪೈಥಾನ್ ಸಮ್ಮೇಳನದಲ್ಲಿ ಐದು ನಿಮಿಷ ಮಾತಾಡಿ ಡಾಕರ್ ತೋರಿಸಿದರು. ಕಷ್ಟವಾಗಿದ್ದ ಕೆಲಸವನ್ನು ಒಂದು ಕಮಾಂಡಿಗೆ ಇಳಿಸಿದ್ದು ಅವರ ತಂಡ.

ಇಮೇಜ್ ಬೇರೆ ಕಂಟೇನರ್ ಬೇರೆ ಅನ್ನುವುದಕ್ಕೆ ನಮ್ಮ ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳೇ ಸಾಕು. ಪ್ಲೇಟ್ ಒಂದು, ಹಾಳೆ ನೂರು. ಹಾಳೆ ಮೇಲೆ ಪೆನ್ನಿಂದ ಗೀಚಿದರೆ ಪ್ಲೇಟಿಗೆ ಏನೂ ಆಗದು. ಹಾಳೆ ಹರಿದರೆ ಇನ್ನೊಂದು ತೆಗೆಯಬಹುದು. ಅದಕ್ಕೇ ಡೇಟಾಬೇಸಿನ ಮಾಹಿತಿಯನ್ನು ಕಂಟೇನರ್ ಒಳಗೆ ಬಿಡಬಾರದು, ವಾಲ್ಯೂಮ್ ಅಂತ ಹೊರಗೊಂದು ಜಾಗ ಮಾಡಬೇಕು.

'ಡಾಕರ್ ಕಂಪೋಸ್ ಅಪ್' ಅಂತ ಅವಳ ಕೈಯಿಂದಲೇ ಬರೆಸಿದೆ. ಬಿತ್ತು. ನಮ್ಮ ಶುರುವಿನ ಸ್ಕ್ರಿಪ್ಟ್ ಫೈಲೇ ಇಲ್ಲ ಅನ್ನುತ್ತಿತ್ತು. ಫೈಲ್ ಕಣ್ಣೆದುರೇ ಇದೆ! ಅವಳ ಮುಖ ಮತ್ತೆ ಸಪ್ಪಗಾಯಿತು. ಇದು ನಿನ್ನದಲ್ಲ ಅಂತ ಮೊದಲು ಹೇಳಿದೆ, ಆಮೇಲೆ ಹುಡುಕಿದೆವು. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಕಾಣದ ಎರಡು ಅಕ್ಷರ ಇರುತ್ತವೆ, ಲಿನಕ್ಸ್‌ನಲ್ಲಿ ಒಂದೇ. ಕೋಡ್ ಹಂಚಿಕೊಳ್ಳಲು ಬಳಸುವ ಗಿಟ್, ಫೈಲುಗಳನ್ನು ಇಳಿಸುವಾಗ ವಿಂಡೋಸ್ ರೀತಿಗೆ ಬದಲಿಸಿತ್ತು. ಮೊದಲ ಸಾಲಿನಲ್ಲಿರುವ ಶೆಲ್‌ನ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮಿನ) ಹೆಸರಿಗೆ ಆ ಕಾಣದ ಅಕ್ಷರ ಅಂಟಿಕೊಂಡು, ಅಂಥ ಹೆಸರಿನ ಶೆಲ್ ಸಿಗದೆ ಲಿನಕ್ಸ್ ಹಾಗೆ ಹೇಳುತ್ತಿತ್ತು. ಗಿಟ್ ಆಟ್ರಿಬ್ಯೂಟ್ಸ್ ಫೈಲಲ್ಲಿ ಶೆಲ್ ಸ್ಕ್ರಿಪ್ಟುಗಳಿಗೆ ಲಿನಕ್ಸ್ ರೀತಿಯೇ ಇರಲಿ ಅಂತ ಒಂದು ಸಾಲು ಸೇರಿಸಿದೆವು. ಇನ್ನು ಮುಂದೆ ಯಾರಿಗೂ ಇದು ಬರದು.

ಮತ್ತೆ ಓಡಿಸಿದೆವು. ಎದ್ದಿತು. ಆದರೆ ನಿಧಾನ. ಅವಳು ಫೈಲ್ ತಿದ್ದಿ ಸೇವ್ ಮಾಡಿದರೂ ಬ್ರೌಸರ್ ಪುಟ ತಾನಾಗಿ ಬದಲಾಗುತ್ತಿರಲಿಲ್ಲ. ಕೋಡ್ ಇದ್ದದ್ದು ಸಿ ಡ್ರೈವಿನಲ್ಲಿ. ಲಿನಕ್ಸ್ ಅಲ್ಲಿಗೆ ಕೈ ಚಾಚಿ ಪ್ರತಿ ಫೈಲ್ ಓದಬೇಕು, ಅದು ನಿಧಾನ. ಫೈಲ್ ಬದಲಾಯಿತು ಅನ್ನುವ ಸುದ್ದಿಯೂ ಆ ಗಡಿ ದಾಟಿ ಬರುವುದಿಲ್ಲ. ಕೋಡನ್ನು ಡಬ್ಲ್ಯುಎಸ್‌ಎಲ್ ಒಳಗಿನ ಹೋಮ್ ಫೋಲ್ಡರಿಗೆ ತಂದ ಮೇಲೆ ಎರಡೂ ಸರಿಹೋದವು. ವಿಂಡೋಸ್‌ನಲ್ಲಿ ಡಾಕರ್ ನಿಧಾನ ಅನ್ನುವವರು ದಯವಿಟ್ಟು ಮೊದಲು ಇದನ್ನು ನೋಡಿ.

ಕಂಪೋಸ್ ಫೈಲಿನ ಇನ್ನೂ ನಾಲ್ಕು ವಿಷಯ ಬೇಗ ಹೇಳುತ್ತೇನೆ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ಹಾಗಾಗಿ ಡೇಟಾಬೇಸನ್ನು ಅದರ ಸರ್ವಿಸ್ ಹೆಸರಿನಿಂದ ಕರೆಯಬೇಕು. ಒಂದು ಸರ್ವಿಸ್ ಇನ್ನೊಂದರ ಮೇಲೆ ನಿಂತಿದೆ ಅಂತಷ್ಟೇ ಬರೆದರೆ ಕಂಪೋಸ್ ಅದು ಶುರುವಾಗುವ ತನಕ ಮಾತ್ರ ಕಾಯುತ್ತದೆ. ಪೋಸ್ಟ್‌ಗ್ರೆಸ್ ಶುರುವಾಗುವುದೇ ಬೇರೆ, ಕೇಳಿದ್ದಕ್ಕೆ ಉತ್ತರ ಕೊಡುವುದೇ ಬೇರೆ. 'ಪಿಜಿ ಈಸ್ ರೆಡಿ' ಬಳಸಿ ಹೆಲ್ತ್‌ಚೆಕ್ ಹಾಕಿ, ಅದು ಆರೋಗ್ಯವಾಗಿದೆ ಅಂದಮೇಲೆ ಮುಂದೆ ಹೋಗು ಅಂತ ಬರೆಯಬೇಕು. ಕೋಡ್ ಫೋಲ್ಡರನ್ನು ಕಂಟೇನರಿಗೆ ಜೋಡಿಸಿದಾಗ ಇಮೇಜಿನಲ್ಲಿದ್ದ, ಇಳಿಸಿದ ಪ್ಯಾಕೇಜುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಮುಚ್ಚಿಹೋಗುತ್ತದೆ, ಅದಕ್ಕೆ ಪ್ರತ್ಯೇಕ ವಾಲ್ಯೂಮ್ ಕೊಡಬೇಕು. ಪೋರ್ಟ್ ತೆರೆಯುವಾಗ ಮುಂದೆ 127.0.0.1 (ಈ ಕಂಪ್ಯೂಟರಿಗೆ ಮಾತ್ರ) ಅಂತ ಬರೆಯಲೇಬೇಕು, ಇಲ್ಲದಿದ್ದರೆ ಅದೇ ವೈಫೈನಲ್ಲಿರುವ ಬೇರೆಯವರಿಗೂ ನಿಮ್ಮ ಡೇಟಾಬೇಸಿನ ಬಾಗಿಲು ಸಿಗಬಹುದು. ಹಾಸ್ಟೆಲಲ್ಲಿ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಮಧ್ಯಾಹ್ನ ಎರಡೂವರೆಗೆ ಎಲ್ಲ ಓಡಿತು. ಅವಳು ಊರುಗಳ ಪಟ್ಟಿ ತೆರೆದಳು. ನನ್ನ ಫೋನಲ್ಲಿ ನಿಜವಾದ ಸೈಟಿನ ಅದೇ ಪಟ್ಟಿ ತೆರೆದಿತ್ತು. ಅವಳು ಎರಡನ್ನೂ ನೋಡಿ ಸುಮ್ಮನಾದಳು. ಆಮೇಲೆ ಮೆಲ್ಲಗೆ ಅಂದಳು, "ಅಕ್ಕಾರ, ಇಲ್ಲೆ ಬಳಗಾನೂರ ಮೊದಲು ಐತ್ರಿ, ಆಮ್ಯಾಲೆ ಬಸಾಪುರ. ನಿಮ್ಮ ಫೋನಿನಾಗ ಉಲ್ಟಾ ಐತ್ರಿ."

ನಿಜ. ಒಂದೇ ಕೋಡ್, ಎರಡೂ ಕಡೆ ಪೋಸ್ಟ್‌ಗ್ರೆಸ್ 16. ಯಾವುದು ಸರಿ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಒಳಗಿಂದ ಅವಳ ತಾಯಿ ಹೇಳಿದರು, "ಳ ಕಡೀಗೆ ಬರಬೇಕಲ್ರೀ. ಹ ಆದಮ್ಯಾಲೆ ಳ."

ಅಷ್ಟೇ ಸಾಕಾಯಿತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರುವುದು ಲ ಪಕ್ಕ, ವ ಗಿಂತ ಮೊದಲು. ಅದರ ಸಂಖ್ಯೆ 3251. ಸ ದ ಸಂಖ್ಯೆ 3256. ಭಾರತದ ಲಿಪಿಗಳನ್ನೆಲ್ಲ ಒಂದೇ ಜೋಡಣೆಯಲ್ಲಿ ಇಟ್ಟಿದ್ದ ಇಸ್ಕಿ ಅನ್ನುವ ಹಳೆಯ ಸಂಕೇತದಿಂದ ಈ ಕ್ರಮ ಬಂದಿದೆ. ಸಂಖ್ಯೆ ನೋಡಿ ಜೋಡಿಸಿದರೆ ಬಳಗಾನೂರ ಮೊದಲು ಬರುತ್ತದೆ. ವರ್ಣಮಾಲೆ ಪ್ರಕಾರ ಬಸಾಪುರ ಮೊದಲು. ನಮ್ಮ ಸರ್ವರ್ ಡೆಬಿಯನ್ ಲಿನಕ್ಸಿನದು. ಅದರಲ್ಲಿರುವ ಜಿಲಿಬ್‌ಸಿ ಲೈಬ್ರರಿಗೆ ಭಾಷೆಗಳ ಅಕ್ಷರ ಕ್ರಮ ಗೊತ್ತು. ಆಲ್ಪೈನ್‌ನಲ್ಲಿ ಇರುವುದು ಮಸಲ್ ಅನ್ನುವ ಬೇರೆ ಲೈಬ್ರರಿ. ಅದು ಬರೀ ಸಂಖ್ಯೆ ನೋಡಿ ಜೋಡಿಸುತ್ತದೆ. ಇಮೇಜ್ ಚಿಕ್ಕದು ಅಂತ ನಾನು ಆರಿಸಿದ್ದೇ ಇಲ್ಲಿಗೆ ಬಂದು ನಿಂತಿತ್ತು.

ಅಲ್ಲೇ ಎರಡು ಕೆಲಸ ಗೊತ್ತು ಮಾಡಿದೆವು. ಪಟ್ಟಿ ಕೇಳುವ ಕ್ವೆರಿಯಲ್ಲೇ ಪೋಸ್ಟ್‌ಗ್ರೆಸ್‌ನ ಕನ್ನಡದ ಐಸಿಯು ಕೊಲೇಶನ್, ಅಂದರೆ ವರ್ಣಮಾಲೆ ಪ್ರಕಾರ ಜೋಡಿಸುವ ನಿಯಮ, ಬರೆಯುವುದು. ಪೋಸ್ಟ್‌ಗ್ರೆಸ್ 15ರಿಂದ ಅದು ಆಲ್ಪೈನ್ ಇಮೇಜಿನಲ್ಲೂ ನಡೆಯುತ್ತದೆ. ಎರಡನೆಯದು, ಸರ್ವರಲ್ಲಿ ಇರುವ ಡೆಬಿಯನ್ ಇಮೇಜನ್ನೇ ಇಲ್ಲೂ ಬಳಸುವುದು, ಸ್ವಲ್ಪ ದೊಡ್ಡದಾದರೂ ಸರಿ. ಒಂದು ಎಚ್ಚರಿಕೆ. ಆಲ್ಪೈನ್‌ನಲ್ಲಿ ತುಂಬಿದ ವಾಲ್ಯೂಮನ್ನು ಹಾಗೇ ಡೆಬಿಯನ್‌ಗೆ ಕೊಡಬೇಡಿ. ಅಕ್ಷರಗಳ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಕಟ್ಟಿರುತ್ತದೆ, ಹುಡುಕಿದರೆ ಇರುವ ಹೆಸರೂ ಸಿಗದೆ ಹೋಗಬಹುದು. ರೀಇಂಡೆಕ್ಸ್ ಮಾಡಬೇಕು, ಅಥವಾ ಹೊಸದಾಗಿ ತುಂಬಬೇಕು.

ಎರಡು ವರ್ಷ ಆ ಪಟ್ಟಿ ನೋಡುತ್ತಿದ್ದೆ ನಾನು. ಇವಳು ಮೊದಲ ಸಲ ತೆರೆದಾಗಲೇ ವ್ಯತ್ಯಾಸ ಹಿಡಿದಳು. ಕೆಲವೇ ದಿನದ ಹಿಂದೆ ತನಗೆ ಈ ಕೆಲಸ ಆಗಲ್ಲ ಅಂದಿದ್ದ ಹುಡುಗಿ ಇವಳೇ.

ಮುಂದಿನ ವಾರ ಇನ್ನೊಂದು ಸಿಕ್ಕಿತು. ಕೋಲ್ಡ್ ಸ್ಟೋರೇಜಿನ ಗುಮಾಸ್ತರು ಎರಡು ಸಲ ಹೇಳಿದ್ದರು, ನಸುಕಿನಲ್ಲಿ ಬಂದ ಚೀಲಕ್ಕೆ ಹಿಂದಿನ ದಿನದ ತಾರೀಖು ಬೀಳುತ್ತೆ ಅಂತ. ನಾನು ನನ್ನ ಲ್ಯಾಪ್‌ಟಾಪಲ್ಲಿ ಎಷ್ಟು ಸಲ ನೋಡಿದರೂ ಸರಿಯಾಗೇ ಬರುತ್ತಿತ್ತು. ಅವರಿಗೆ ಹಾಗಂತ ಹೇಳಿಯೂ ಬಿಟ್ಟಿದ್ದೆ. ಕಂಟೇನರಿನಲ್ಲಿ ಓಡಿಸಿ ಐದು ಗಂಟೆ ಹತ್ತು ನಿಮಿಷದ ಒಂದು ನಮೂದು ಹಾಕಿದ ಕೂಡಲೇ ಕಂಡಿತು. ಕಂಟೇನರಿನ ಗಡಿಯಾರ ಯುಟಿಸಿ, ಅಂದರೆ ವಿಶ್ವ ಸಮಯ. ನಮಗಿಂತ ಐದೂವರೆ ತಾಸು ಹಿಂದೆ. ನಮ್ಮ ಮುಂಜಾನೆ 5.10 ಅಂದರೆ ಅಲ್ಲಿ ಹಿಂದಿನ ರಾತ್ರಿ 11.40. ಸರ್ವರೂ ಯುಟಿಸಿಯಲ್ಲೇ ಇತ್ತು. ನನ್ನ ಲ್ಯಾಪ್‌ಟಾಪ್ ಮಾತ್ರ ಭಾರತದ ಸಮಯದಲ್ಲಿತ್ತು. ಕಂಟೇನರಿನ ಟೈಮ್ ಝೋನ್ ಬದಲಿಸಿದರೆ ಲಕ್ಷಣ ಮುಚ್ಚಿಹೋಗುತ್ತದೆ. ಹಾಗೆ ಮಾಡಲಿಲ್ಲ. ಸಮಯವನ್ನು ತಾರೀಖು ಮಾಡುವ ಜಾಗದಲ್ಲೇ ಏಷ್ಯಾ ಕೋಲ್ಕತಾ ಅಂತ ಕೋಡಲ್ಲಿ ಬರೆದೆವು. ಗುಮಾಸ್ತರಿಗೆ ಫೋನ್ ಮಾಡಿ, ನೀವು ಹೇಳಿದ್ದೇ ಸರಿ ಇತ್ರಿ, ನನ್ನದೇ ತಪ್ಪು ಅಂದೆ. "ನಾ ಹೇಳಿರಲಿಲ್ಲೇನ್ರಿ ಮೇಡಂ" ಅಂದರು. ಅವರಿಗೆ ಖುಷಿಯಾಗಿತ್ತು.

ಒಂದು ತಪ್ಪು ಮಾತ್ರ ನನಗೆ ಇನ್ನೂ ನೋವು ಕೊಡುತ್ತದೆ. ಡೇಟಾಬೇಸಿಗೆ ಹೊಸ ಟೇಬಲ್ ಬೇಕಿತ್ತು. ಪೋಸ್ಟ್‌ಗ್ರೆಸ್ ಇಮೇಜಿನಲ್ಲಿ ಶುರುವಿನ ಎಸ್‌ಕ್ಯೂಎಲ್ ಫೈಲುಗಳು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ ಓಡುತ್ತವೆ. ಹಾಗಾಗಿ ಫೋನಲ್ಲೇ ಅವಳಿಗೆ, ಕಂಟೇನರುಗಳನ್ನು ನಿಲ್ಲಿಸುವ 'ಡೌನ್' ಕಮಾಂಡಿಗೆ ಮುಂದೆ 'ವಿ' ಸೇರಿಸಿ ಓಡಿಸು ಅಂದೆ. ಆ 'ವಿ' ವಾಲ್ಯೂಮನ್ನೂ ಅಳಿಸುತ್ತದೆ. ಪರೀಕ್ಷೆಗೆ ಇರಲಿ ಅಂತ ಅವಳು ಹಳೆಯ ರಿಜಿಸ್ಟರ್ ನೋಡಿ ಇನ್ನೂರು ನಮೂದು ಕೈಯಿಂದ ತುಂಬಿದ್ದಳು. ಒಂದು ದಿನದ ಕೆಲಸ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎಲ್ಲ ಹೋಯಿತು. ಅವಳು ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅವತ್ತು ರಾತ್ರಿ ಆ ಇನ್ನೂರು ನಮೂದುಗಳನ್ನು ನಾನೇ ಕೂತು, ಖಾಲಿ ಡೇಟಾಬೇಸಿಗೆ ತುಂಬಲು ಬರುವ ಒಂದು ಸೀಡ್ ಫೈಲಿಗೆ ಬರೆದೆ. ಹೆಸರು, ಫೋನ್ ನಂಬರ್ ಎಲ್ಲ ಬದಲಿಸಿ. ನಿಜವಾದ ರೈತರ ವಿವರ ನಮ್ಮ ಲ್ಯಾಪ್‌ಟಾಪುಗಳಲ್ಲಿ ಇರಬಾರದು, ಇದನ್ನು ಮೊದಲೇ ಮಾಡಬೇಕಿತ್ತು. ಟೇಬಲ್ ಬದಲಾವಣೆಗಳಿಗೆ ಮೈಗ್ರೇಶನ್ ಫೈಲುಗಳನ್ನೂ ಶುರು ಮಾಡಿದೆವು. ಈಗ ವಾಲ್ಯೂಮ್ ಅಳಿಸಿದರೂ ಒಂದೇ ಕಮಾಂಡಿಗೆ ಎಲ್ಲ ವಾಪಸ್ ಬರುತ್ತದೆ.

34 ಹೆಜ್ಜೆಯ ಕಾಗದವನ್ನು ಅಳಿಸಿ ಅವಳೇ ಹೊಸದು ಬರೆದಿದ್ದಾಳೆ, ಕನ್ನಡದಲ್ಲಿ. ಐದು ಸಾಲು ಇದೆ. ಐದನೇ ಸಾಲು ಹೀಗಿದೆ: 'ಊರುಗಳ ಪಟ್ಟಿ ತೆರೆಯಿರಿ. ಬಸಾಪುರ ಮೊದಲು, ಬಳಗಾನೂರ ಆಮೇಲೆ ಇದ್ದರೆ ನಿಮ್ಮದು ಸರಿ ಇದೆ. ಇಲ್ಲದಿದ್ದರೆ ತಕ್ಷಣ ಫೋನ್ ಮಾಡಿ, ಒಬ್ಬರೇ ಒದ್ದಾಡಬೇಡಿ.'

ಸೋಮವಾರ ರಾಣೇಬೆನ್ನೂರಿನ ಹುಡುಗನೊಬ್ಬ ಸೇರುತ್ತಿದ್ದಾನೆ. ಪೆನ್‌ಡ್ರೈವ್ ತೆಗೆದುಕೊಂಡು ತಾನೇ ಹೋಗ್ತೀನಿ ಅಂದಿದ್ದಾಳೆ ಇವಳು. ನಿನ್ನೆ ರಾತ್ರಿ ಒಂಬತ್ತಕ್ಕೆ ಫೋನ್ ಬಂತು. "ಅಕ್ಕಾರ, ಅವಂದು ಮ್ಯಾಕ್ ಅಂತ್ರಿ. ಹೊಸ ಎಂ ಚಿಪ್ಪಿಂದು. ನಮ್ಮ ಪೆನ್‌ಡ್ರೈವಿನ ಇಮೇಜು ಅದರಾಗ ನಡೀತಾವೇನ್ರಿ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಇಮೇಜುಗಳು ಇಂಟೆಲ್ ರೀತಿಯ ಪ್ರೊಸೆಸರಿನವು. ಆ ಮ್ಯಾಕ್‌ಗಳಲ್ಲಿರುವುದು ಆರ್ಮ್. ಅನುಕರಣೆಯಲ್ಲಿ ಓಡಬಹುದು, ಆದರೆ ನಿಧಾನ. ಇಳಿಸುವಾಗಲೇ ಪ್ಲಾಟ್‌ಫಾರ್ಮ್ ಆರ್ಮ್ 64 ಅಂತ ಹೇಳಿ ಬೇರೆ ಪ್ರತಿ ತರಬೇಕು. ಈಗ ಅದೇ ನಡೆದಿದೆ. ನೋಡ್ ಇಳಿದಿದೆ, ರೆಡಿಸ್ ಇಳಿದಿದೆ. ಪೋಸ್ಟ್‌ಗ್ರೆಸ್ ಇನ್ನೂ ಅರ್ಧ ಇದೆ.